ಹಸಿರು ಬೇಲಿ ನೆಟ್ಟರೆ ಸಾಲದು, ಸಾಕಬೇಕು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದಿನ ಗೋಷ್ಠಿಯಲ್ಲಿ ಹಾಲಿನ ಗುಣಮಟ್ಟ, ಪಶು ಆಹಾರ, ಸಾಲ ವಸೂಲಿ ಮುಂತಾದ ದೊಡ್ಡ ವಿಷಯಗಳ ಮೇಲೆ ತಿಳಿದವರು ಮಾತಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಬೇಲಿ. “ನಿಮ್ಮ ಹಿತ್ತಲ ಬೇಲಿ ಚೆನ್ನಾಗಿ ಬಂದಿದೆಯಲ್ಲ, ಅದನ್ನ ಹೇಗೆ ಮಾಡಿದಿರಿ ಅಂತ ನಾಲ್ಕು ಮಾತು ಹೇಳಿ” ಎಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಮೊದಲು ಹಿಂಜರಿದೆವು. ಏಕೆಂದರೆ ಈಗ ಕಾಣುವ ಬೇಲಿ ನಮ್ಮ ಎರಡನೆಯ ಪ್ರಯತ್ನ. ಮೊದಲನೆಯದು ಪೂರಾ ಕೆಟ್ಟಿತು. ಆಮೇಲೆ ಯೋಚಿಸಿದಾಗ, ಕೆಟ್ಟ ಬೇಲಿಯ ಕಥೆಯೇ ನಾಲ್ಕು ಜನರಿಗೆ ಹೆಚ್ಚು ಉಪಯೋಗವಾದೀತು ಅನ್ನಿಸಿ ಒಪ್ಪಿಕೊಂಡೆವು. ಈ ಕೆಲಸದಲ್ಲಿ ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರ ಕೈಯೂ ಇದೆ. ಆದ್ದರಿಂದ ‘ನಾನು’ ಅನ್ನದೆ ‘ನಾವು’ ಎಂದೇ ಹೇಳುತ್ತೇವೆ.

ಹಳೇ ಬೇಲಿ ಹೋದ ಬಗೆ

ನಮ್ಮ ಹಿತ್ತಲಿಗೂ ಪಕ್ಕದ ಮನೆಯವರ ಹಿತ್ತಲಿಗೂ ನಡುವೆ ತಾತನ ಕಾಲದ ಬೇಲಿಯೊಂದಿತ್ತು. ಅದರಲ್ಲಿ ಏನಿತ್ತು ಅಂತ ಕೇಳುವುದಕ್ಕಿಂತ ಏನಿರಲಿಲ್ಲ ಅಂತ ಕೇಳಬೇಕು. ಲಕ್ಕಿ, ಆಡುಸೋಗೆ, ಮದರಂಗಿ, ದಾಸವಾಳ, ಹಾಲವಾಣ, ಕತ್ತಾಳೆ, ನಡುನಡುವೆ ಸೀಗೆ. ಕೆಮ್ಮಿಗೆ ಆಡುಸೋಗೆ, ಮೈಕೈ ನೋವಿಗೆ ಲಕ್ಕಿ ಸೊಪ್ಪಿನ ಬಿಸಿನೀರು, ದೇವರಿಗೆ ಹೂ, ಎಮ್ಮೆಗೆ ಹಾಲವಾಣದ ಸೊಪ್ಪು, ಎಲ್ಲವೂ ಅಲ್ಲೇ ಸಿಗುತ್ತಿತ್ತು. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಎರಡೂ ಮನೆಯವರು ಕತ್ತಿ ಹಿಡಿದು ಆ ಕಡೆಯಿಂದ ಅವರು, ಈ ಕಡೆಯಿಂದ ನಾವು ಬೇಲಿ ಸವರುತ್ತಿದ್ದೆವು. ಅವತ್ತು ಮಧ್ಯಾಹ್ನದ ಊಟ ಒಂದು ವರ್ಷ ಅವರ ಮನೆಯಲ್ಲಾದರೆ ಮರುವರ್ಷ ನಮ್ಮ ಮನೆಯಲ್ಲಿ.

ಸುಮಾರು ಹನ್ನೊಂದು ವರ್ಷದ ಹಿಂದೆ ನಮಗೆ ಆಧುನಿಕರಾಗುವ ಹುಮ್ಮಸ್ಸು ಬಂತು. ಬೇಲಿ ಅಗಲವಾಗಿ ಜಾಗ ತಿನ್ನುತ್ತಿದೆ, ಹಾವು ಸೇರುತ್ತದೆ, ಸವರಲು ಆಳು ಸಿಗೋದಿಲ್ಲ ಎಂದು ಲೆಕ್ಕ ಹಾಕಿ ಜೇಸಿಬಿ ತರಿಸಿದೆವು. ಅರವತ್ತು ವರ್ಷದ ಬೇಲಿ ಅರ್ಧ ದಿನದಲ್ಲಿ ಹೋಯಿತು. ಕಲ್ಲುಕಂಬ ನೆಟ್ಟು ನಾಲ್ಕು ಎಳೆ ಮುಳ್ಳುತಂತಿ ಎಳೆಸಿದೆವು. ಪಕ್ಕದವರನ್ನು ಒಂದು ಮಾತು ಕೇಳಲಿಲ್ಲ. ನಮ್ಮ ದುಡ್ಡು, ನಮ್ಮ ತಂತಿ ಅನ್ನುವ ಧಿಮಾಕು. ಬೇಲಿ ಅಗಲವಾಗಿದ್ದಾಗ ಗಡಿ ಅದರ ಹೊಟ್ಟೆಯೊಳಗೆ ಎಲ್ಲೋ ಇತ್ತು, ಯಾರಿಗೂ ತಕರಾರಿರಲಿಲ್ಲ. ತಂತಿ ಎಳೆದ ಮರುದಿನವೇ “ಒಂದು ಮೊಳ ನಮ್ಮ ಕಡೆಗೆ ಬಂದಿದೆ” ಎಂಬ ಮಾತು ಬಂತು. ಸರ್ವೆ ಆಯಿತು. ಅವರು ಹೇಳಿದ ಮೊಳವೂ ಸರಿಯಲ್ಲ, ನಾವು ಹೇಳಿದ ಗೆರೆಯೂ ಸರಿಯಲ್ಲ, ಸತ್ಯ ಎರಡರ ನಡುವೆ ಒಂದು ಗೇಣಿನಲ್ಲಿತ್ತು. ಆದರೆ ಅಷ್ಟರೊಳಗೆ ಮಾತು ನಿಂತಿತ್ತು. ಮೂರು ವರ್ಷ ಎರಡು ಮನೆಗಳ ನಡುವೆ ಒಂದು ಲೋಟ ಮಜ್ಜಿಗೆ ಸಹ ಓಡಾಡಲಿಲ್ಲ.

ತಂತಿಯಾದರೂ ಕೆಲಸ ಮಾಡಿತೇ? ದನ ತಡೆಯಿತು, ನಿಜ. ಆಡುಮರಿ ಕೆಳಗಿನ ಎಳೆಯಡಿ ನುಸುಳುತ್ತಿತ್ತು, ಕೋಳಿ ಕೇಳುವ ಹಾಗೇ ಇಲ್ಲ. ಮಳೆಗಾಲದಲ್ಲಿ ಮೇಲಿನ ಹೊಲದ ಕೆಂಪು ನೀರು ನೇರ ಹಿತ್ತಲೊಳಗೆ ನುಗ್ಗಿ ಮೇಲ್ಮಣ್ಣು ಹೊತ್ತುಕೊಂಡು ಹೋಗತೊಡಗಿತು. ಹಳೇ ಬೇಲಿಯ ಬುಡ ಇಷ್ಟು ವರ್ಷ ಒಡ್ಡಿನ ಕೆಲಸ ಮಾಡುತ್ತಿತ್ತು ಎಂಬುದು ಆಗ ಗೊತ್ತಾಯಿತು. ‘ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ’ ಅಂತ ಗಾದೆ ಇದೆ. ನಮ್ಮಲ್ಲಿ ಬೇಲಿ ಮೇಯಲಿಲ್ಲ, ನಾವೇ ಬೇಲಿಯನ್ನು ಮೇಯ್ದೆವು.

ಬರಿಬೇರಿನ ಸಸಿ ಎಂದರೇನು

ಮತ್ತೆ ಹಸಿರು ಬೇಲಿ ಮಾಡೋಣ ಎಂದಾಗ ಮೊದಲು ಎದುರಾದದ್ದು ಗಿಡದ ಲೆಕ್ಕ. ಒಂದು ಎಕರೆ ಚೌಕ ಜಮೀನಿನ ಒಂದೊಂದು ಪಕ್ಕ ಸುಮಾರು 209 ಅಡಿ. ಸುತ್ತಳತೆ ಸುಮಾರು 835 ಅಡಿ. ಅಡಿಗೊಂದರಂತೆ ಎರಡು ಸಾಲು ನೆಟ್ಟರೆ 1,670 ಗಿಡ ಬೇಕು. ಇಷ್ಟು ಗಿಡವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬೆಳೆದದ್ದೇ ಕೊಂಡು ತರಬೇಕೆಂದರೆ ಗಿಡದ ಬೆಲೆಯ ಜೊತೆಗೆ ಅದರ ಮಣ್ಣು ಹೊರುವುದಕ್ಕೆ ಟ್ರ್ಯಾಕ್ಟರ್ ಬಾಡಿಗೆಯೂ ಬೇಕು. ಕೊಟ್ಟೆಯಲ್ಲಿ ಬಹಳ ದಿನ ಉಳಿದ ಗಿಡದ ಬೇರು ಒಳಗೇ ಸುತ್ತಿಕೊಂಡಿರುತ್ತದೆ. ನೆಟ್ಟ ಮೇಲೂ ಅದೇ ಸುರುಳಿಯಲ್ಲೇ ತಿರುಗುತ್ತದೆ.

ಬರಿಬೇರಿನ ಸಸಿ ಎಂದರೆ ಹೊಸ ಸಂಗತಿಯೇನಲ್ಲ. ಮಡಿಯಲ್ಲಿ ಬೆಳೆಸಿದ ಸಸಿಯನ್ನು ಮಣ್ಣಿನ ಹೆಂಟೆಯಿಲ್ಲದೆ ಕಿತ್ತು, ಬೇರು ಒಣಗುವುದರೊಳಗೆ ನೆಡುವುದು, ಅಷ್ಟೇ. ಭತ್ತದ ನಾಟಿ ಮಾಡುವವರು ನಾವು. ಮೆಣಸಿನ ಸಸಿ, ಬದನೆ ಸಸಿ, ಹೊಗೆಸೊಪ್ಪಿನ ಸಸಿ ಎಲ್ಲವನ್ನೂ ಕಿತ್ತೇ ನೆಡುವುದು. ರೇಷ್ಮೆ ಬೆಳೆಯುವ ಕಡೆ ಹಿಪ್ಪುನೇರಳೆಯ ಕಡ್ಡಿಯನ್ನು ಮಡಿಯಲ್ಲಿ ಚಿಗುರಿಸಿ, ಬೇರು ಬಂದ ಮೇಲೆ ಕಿತ್ತು ಕಟ್ಟು ಕಟ್ಟಿ ಒಯ್ಯುತ್ತಾರೆ. ಅರಣ್ಯ ಇಲಾಖೆಯವರು ಸಾಗುವಾನಿಯನ್ನು ‘ಸ್ಟಂಪ್’ ಮಾಡಿ ನೆಡುವುದೂ ಇದೇ ವಿದ್ಯೆ. ವರ್ಷದ ಸಸಿ ಕಿತ್ತು, ಮೇಲೆ ಒಂದು ಅಂಗುಲದಷ್ಟು ಕಾಂಡ, ಕೆಳಗೆ ಗೇಣುದ್ದದೊಳಗೆ ತಾಯಿಬೇರು ಬಿಟ್ಟು ಮಿಕ್ಕದ್ದನ್ನು ಕತ್ತರಿಸಿಬಿಡುತ್ತಾರೆ. ನೋಡಿದರೆ ಒಣಕಡ್ಡಿ, ಮಳೆ ಬಿದ್ದರೆ ಚಿಗುರು. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಸೀಮೆಯಲ್ಲಿ ಮದರಂಗಿಯನ್ನು ಹೊಲದ ಬೆಳೆಯಾಗಿಯೇ ಬೆಳೆಯುತ್ತಾರೆ. ಅಲ್ಲಿಯೂ ಮಡಿಯ ಸಸಿ ಕಿತ್ತು, ಸವರಿ, ಮಳೆಗಾಲದಲ್ಲಿ ನೆಡುವ ಪದ್ಧತಿ ಇದೆ. ಬರಿಬೇರಿನದಾದರೆ ನೂರು ಸಸಿ ಒಂದು ಕಟ್ಟು. ಹದಿನೇಳು ಕಟ್ಟಿನಲ್ಲಿ ಒಂದು ಎಕರೆಯ ಬೇಲಿ ಗೋಣಿಚೀಲದೊಳಗೆ ಕೂರುತ್ತದೆ.

ಯಾವ ಗಿಡ ಆರಿಸಬೇಕು

ನಮ್ಮದು ಮಲೆನಾಡಿನ ಸೆರಗು. ಅತಿ ಮಳೆಯೂ ಇಲ್ಲ, ಬಯಲುಸೀಮೆಯ ಬರವೂ ಇಲ್ಲ. ಇಲ್ಲಿಗೆ ನಾವು ಆರಿಸಿದ್ದು ಮೂರು ಬಗೆ.

ಒಂದು, ಒತ್ತಾಗಿ ಬೆಳೆಯುವ ಗಿಡ. ಇದಕ್ಕೆ ಮದರಂಗಿ. ದನ ಇದನ್ನು ಆಸೆಪಟ್ಟು ಮೇಯುವುದಿಲ್ಲ, ಎಷ್ಟು ಕತ್ತರಿಸಿದರೂ ಚಿಗುರುತ್ತದೆ, ಬಲಿತಾಗ ರೆಂಬೆಯ ತುದಿ ಮುಳ್ಳಿನಂತಾಗುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಇದಕ್ಕೆ ಆಗದು.

ಎರಡು, ಕಡ್ಡಿ ಊರಿದರೆ ಬರುವ ಲಕ್ಕಿ ಮತ್ತು ಆಡುಸೋಗೆ. ‘ಆಡು ಮುಟ್ಟದ ಸೊಪ್ಪಿಲ್ಲ’ ಅಂತಾರೆ. ಆದರೆ ಆಡುಸೋಗೆಯ ಹತ್ತಿರ ಆಡೂ ಮೂತಿ ತಿರುಗಿಸುತ್ತದೆ. ತಗ್ಗಿನಲ್ಲಿ, ಮದರಂಗಿ ಏಳದ ಕಡೆ ಇವನ್ನು ಹಾಕಿದೆವು.

ಮೂರು, ಗೂಟದ ಕೆಲಸಕ್ಕೆ ಗ್ಲಿರಿಸಿಡಿಯಾ, ನಾವು ಗೊಬ್ಬರದ ಗಿಡ ಅನ್ನುವುದು. ಇದು ಮಧ್ಯ ಅಮೆರಿಕದ ಕಡೆಯ ಗಿಡ, ತೋಟಗಳಿಗೆ ನೆರಳಾಗಿ ಈ ಕಡೆ ಬಂತು. ದ್ವಿದಳ ಜಾತಿಯಾದ್ದರಿಂದ ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ. ಮುಂಗೈ ದಪ್ಪದ, ಐದಾರು ಅಡಿ ಉದ್ದದ ಬಲಿತ ಗೂಟ ಕಡಿದು, ಬುಡ ಓರೆಯಾಗಿ ಕೊಯ್ದು, ಒಂದೂವರೆ ಅಡಿ ಆಳಕ್ಕೆ ಊರಬೇಕು. ತಲೆಕೆಳಗಾಗಿ ಊರಬೇಡಿ. ನಗಬೇಡಿ, ನಾವು ಏಳೆಂಟು ಗೂಟ ಹಾಗೇ ಊರಿದ್ದೆವು. ಆರು ಅಡಿಗೊಂದರಂತೆ ಒಂದು ಎಕರೆ ಸುತ್ತಿಗೆ ಸುಮಾರು 140 ಗೂಟ ಬೇಕು.

ಹಾಲು ಹಾಕುವ ಸದಸ್ಯರಿಗೆ ಇದು ಮೇವೂ ಹೌದು. ಹೊಸದಾಗಿ ಹಾಕಿದರೆ ದನ ವಾಸನೆ ನೋಡಿ ಬಿಟ್ಟುಬಿಡುತ್ತವೆ. ಕಡಿದು ಅರ್ಧ ದಿನ ಬಾಡಿಸಿ, ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಬೇಕು. ನಾವು ಹಸಿಮೇವಿನ ಕಾಲುಭಾಗಕ್ಕಿಂತ ಹೆಚ್ಚು ಹಾಕುವುದಿಲ್ಲ.

ಬೇಡದ ಗಿಡಗಳನ್ನೂ ಹೇಳಿಬಿಡುತ್ತೇವೆ. ಲಂಟಾನ ಬೇಡವೇ ಬೇಡ. ಅದೂ ಒಂದು ಕಾಲದಲ್ಲಿ ಚೆಂದದ ಹೂವಿನ ಬೇಲಿಗಿಡ ಅಂತಲೇ ನಮ್ಮ ದೇಶಕ್ಕೆ ಬಂದದ್ದು. ಈಗ ಕಾಡು ನುಂಗಿದೆ, ಎಲೆ ದನಕ್ಕೆ ವಿಷ. ಬಳ್ಳಾರಿ ಜಾಲಿ ಬೇಲಿಯಲ್ಲಿ ನಿಲ್ಲುವುದಿಲ್ಲ, ಹೊಲಕ್ಕಿಳಿಯುತ್ತದೆ. ಕಣಗಿಲೆ ದನಕ್ಕೂ ಮಕ್ಕಳಿಗೂ ವಿಷ. ಕಾಡುಹರಳಿನ ಬೀಜವನ್ನು ಮಕ್ಕಳು ತಿಂದು ಆಸ್ಪತ್ರೆ ಸೇರುವುದುಂಟು. ಶಾಲೆ, ಅಂಗನವಾಡಿ, ಮನೆಯಂಗಳದ ಹತ್ತಿರ ಇವು ಬೇಡ.

ಮಡಿಯಿಂದ ಸಾಲಿಗೆ

ಮದರಂಗಿ ಬೀಜ ಬಹಳ ಸಣ್ಣದು, ಸಿಪ್ಪೆ ಗಟ್ಟಿ. ಬಟ್ಟೆಯಲ್ಲಿ ಕಟ್ಟಿ ವಾರಕ್ಕೂ ಮಿಕ್ಕಿ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಮರಳು ಬೆರೆಸಿ ಮಡಿಯ ಮೇಲೆ ಚೆಲ್ಲಬೇಕು. ನಾವು ಶಿವರಾತ್ರಿ ಕಳೆದ ಮೇಲೆ ಹಾಕಿದೆವು. ಯುಗಾದಿ ಹೊತ್ತಿಗೆ ಮಡಿ ಹಸಿರಾಯಿತು. ಆರಿದ್ರಾ ಮಳೆ ಹೊತ್ತಿಗೆ ಮೊಳದುದ್ದ ಸಸಿ ಸಿಕ್ಕಿತು.

ಸಾಲಿನ ಸಿದ್ಧತೆ ಬೇಸಿಗೆಯಲ್ಲೇ ಆಗಬೇಕು. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೋಡಿ, ಮೇಲ್ಮಣ್ಣು ಒಂದು ಕಡೆ, ಅಡಿಮಣ್ಣು ಒಂದು ಕಡೆ ಹಾಕಿ. ಕೊಟ್ಟಿಗೆ ಗೊಬ್ಬರ ಬೆರೆಸಿದ ಮೇಲ್ಮಣ್ಣನ್ನು ಮೊದಲು ತುಂಬಿ. ಅಡಿಮಣ್ಣನ್ನು ಹೊರಗಡೆ ಏರಿ ಮಾಡಿ. ಮುಖ್ಯವಾಗಿ, ಕಾಲುವೆ ತೋಡುವ ಮುಂಚೆ ಪಕ್ಕದವರನ್ನು ಕರೆದು ಬಾಂದುಕಲ್ಲು ಎಲ್ಲಿದೆ ಅಂತ ಇಬ್ಬರೂ ಕಣ್ಣಾರೆ ನೋಡಿ. ಅದನ್ನು ಮುಚ್ಚದೆ, ಸುತ್ತ ಜಾಗ ಬಿಟ್ಟು ನೆಡಿ. ಈ ಮಾತಿಗೆ ನಾವು ತೆತ್ತ ಬೆಲೆ ನಿಮಗೆ ಗೊತ್ತಾಗಿದೆ.

ಬೇಲಿಗೂ ಬೆಳೆಗೆ ಮಾಡಿದಷ್ಟೇ ಮಣ್ಣಿನ ಕೆಲಸ ಬೇಕೇ ಎಂದು ಕೇಳುವವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಬ್ರಿಟಿಷರು ಉಪ್ಪಿನ ಸುಂಕ ತಪ್ಪಿಸಿ ಸಾಗಿಸುವವರನ್ನು ತಡೆಯಲು ಉತ್ತರ ಭಾರತದಲ್ಲಿ ಸುಂಕದ ಗಡಿಯೊಂದನ್ನು ಮಾಡಿದ್ದರು. 1869ರ ಹೊತ್ತಿಗೆ ಅದು ಸಿಂಧೂ ನದಿಯಿಂದ ಮಹಾನದಿಯವರೆಗೆ 2,300 ಮೈಲಿ, ಅಂದರೆ ಸುಮಾರು 3,700 ಕಿಲೋಮೀಟರು ಇತ್ತು. ಸುಮಾರು 12,000 ಜನ ಕಾವಲು. ಮೊದಲು ಒಣಮುಳ್ಳು ಒಟ್ಟಿದರು. ಅದು ಗೆದ್ದಲಿಗೆ, ಬೆಂಕಿಗೆ ಹೋಗಿ ಪ್ರತಿ ವರ್ಷ ಹೊಸದಾಗಿ ಒಟ್ಟುವ ಕರ್ಮ. ಆಗ ಸುಂಕದ ಕಮಿಷನರ್ ಆಗಿದ್ದ ಎ. ಓ. ಹ್ಯೂಮ್ (ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದವರು ಇವರೇ) ಜೀವಂತ ಬೇಲಿಯ ಕಡೆಗೆ ಗಮನ ಹರಿಸಿದರು. ಜಾಲಿ, ಬೋರೆ, ಕವಳಿ, ಪಾಪಾಸುಕಳ್ಳಿ ಮುಂತಾದ ಮುಳ್ಳುಗಿಡ ಹಾಕಿಸಿದರು. ಮಣ್ಣು ಕೆಟ್ಟದ್ದಿದ್ದ ಕಡೆ ಕಾಲುವೆ ತೋಡಿ ಬೇರೆ ಮಣ್ಣು ತಂದು ತುಂಬಬೇಕಾಯಿತು. ನೀರು ನಿಲ್ಲುವ ಕಡೆ ಏರಿ ಹಾಕಬೇಕಾಯಿತು. ಅಷ್ಟಾದರೂ ಗಡಿಯ ಪೂರ್ತಿ ಉದ್ದಕ್ಕೆ ಬೇಲಿ ಏಳಲೇ ಇಲ್ಲ. 1879ರಲ್ಲಿ ಆ ಗಡಿಯನ್ನೇ ಕೈಬಿಟ್ಟರು, ನೋಡುವವರಿಲ್ಲದೆ ಬೇಲಿಯೂ ಅಳಿಯಿತು. ಬಡವರ ಉಪ್ಪಿಗೆ ಅಡ್ಡ ನಿಂತಿದ್ದ ಬೇಲಿ ಹೋದದ್ದೇ ಒಳ್ಳೆಯದಾಯಿತು ಬಿಡಿ. ಆದರೆ ಪಾಠ ಉಳಿಯಿತು. ಸಾವಿರಾರು ಆಳಿದ್ದ ಸರ್ಕಾರಕ್ಕೂ ಮಣ್ಣು ಸರಿಮಾಡದೆ, ಆರೈಕೆಯಿಲ್ಲದೆ ಬೇಲಿ ಬರಲಿಲ್ಲ.

ಈಗ ನೆಡುವ ದಿನದ ಕ್ರಮ. ಹಿಂದಿನ ಸಂಜೆ ಮಡಿಗೆ ಚೆನ್ನಾಗಿ ನೀರು ಕೊಡಿ. ಬೆಳಗ್ಗೆ ಹಾರೆಯಿಂದ ಮಣ್ಣು ಸಡಿಲಿಸಿ ಎತ್ತಿ, ಜಗ್ಗಿ ಕೀಳಬೇಡಿ. ಕಿತ್ತ ಕೂಡಲೇ ಬೇರನ್ನು ಸಗಣಿ ಮತ್ತು ಕೆಮ್ಮಣ್ಣಿನ ಬಗ್ಗಡದಲ್ಲಿ ಅದ್ದಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ನೆರಳಲ್ಲಿಡಿ. ಬರಿಬೇರಿಗೆ ಬಿಸಿಲು, ಗಾಳಿ ಎರಡೂ ಶತ್ರು. ಊಟಕ್ಕೆ ಹೋಗುವಾಗ ಬದುವಿನ ಮೇಲೆ ಸಸಿ ಹರಡಿ ಹೋದರೆ ಬರುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತದೆ. ಅಂದೇ ನೆಡಲಾಗದಿದ್ದರೆ ನೆರಳಲ್ಲಿ ಸಣ್ಣ ಕಾಲುವೆ ತೆಗೆದು, ಸಸಿಗಳನ್ನು ಓರೆಯಾಗಿ ಮಲಗಿಸಿ, ಬೇರಿಗೆ ಒದ್ದೆ ಮಣ್ಣು ಮುಚ್ಚಿಡಿ. ಎರಡು ಮೂರು ದಿನ ತಡೆಯುತ್ತದೆ.

ಸಾಲುಗಳ ನಡುವೆ ಒಂದು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ಒಂದು ಸಾಲಿನ ಎರಡು ಗಿಡಗಳ ನಡುವಿನ ಸಂದಿಗೆ ಎದುರಾಗಿ ಇನ್ನೊಂದು ಸಾಲಿನ ಗಿಡ ಬರಬೇಕು. ಮಡಿಯಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಮಾತ್ರ ಹೂಳಬೇಕು. ಬೇರು ಮಡಚಬಾರದು, ನೀಳ ಬೇರನ್ನು ಮಡಚುವುದಕ್ಕಿಂತ ಕತ್ತರಿಸುವುದು ಮೇಲು. ಹಿಮ್ಮಡಿಯಿಂದ ಮಣ್ಣು ಮೆಟ್ಟಿ ಗಟ್ಟಿಮಾಡಿ. ಆಮೇಲೆ ಒಂದು ಎಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಎಲೆ ಕಿತ್ತು ಬಂದರೆ ನಾಟಿ ಸರಿ, ಗಿಡವೇ ಬಂದರೆ ಮತ್ತೆ ನೆಡಿ.

ನಮ್ಮ ತಪ್ಪು

ಇಷ್ಟನ್ನೂ ನಾವು ಮೊದಲ ಸಲವೇ ಸರಿಯಾಗಿ ಮಾಡಿದ್ದೆವು. ತಂತಿಯ ಒಳಗಡೆ ಸಾಲು ಚೆನ್ನಾಗಿ ಹಿಡಿಯಿತು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಎದೆಮಟ್ಟ ಬೆಳೆದು ಹೂ ಬಿಟ್ಟಿತು. ಬಂದವರಿಗೆಲ್ಲ ಜಂಬದಿಂದ ತೋರಿಸಿದ್ದೇ ತೋರಿಸಿದ್ದು. ಆ ವರ್ಷದ ಬೇಸಿಗೆಯಲ್ಲಿ ಆಡುಗಳು ಒಂದೊಂದಾಗಿ ಬುಡದಲ್ಲಿ ನುಸುಳಿ ಬಂದು, ಹೊಸದಾಗಿ ಹಾಕಿದ್ದ ಹೀರೆ, ಅವರೆ ಬಳ್ಳಿಯನ್ನೆಲ್ಲ ಕಡ್ಡಿ ಮಾಡಿ ಹೋದವು. ಬಗ್ಗಿ ನೋಡಿದರೆ ಬೇಲಿ ಮೇಲೆ ಕೊಡೆ, ಕೆಳಗೆ ಬರೀ ಕಡ್ಡಿ. ಮೊಳಕಾಲಿನಿಂದ ಕೆಳಗೆ ಒಂದು ರೆಂಬೆಯಿಲ್ಲ. ತಲೆ ತಗ್ಗಿಸಿದರೆ ಪಕ್ಕದ ಮನೆಯ ಅಂಗಳ ಪೂರಾ ಕಾಣುತ್ತಿತ್ತು.

ನಾವು ಬಗ್ಗಿ ನೋಡುತ್ತಿದ್ದಾಗ ಆ ಕಡೆಯ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದವರು ಪಕ್ಕದ ಮನೆಯ ದೊಡ್ಡಮ್ಮ. ಮೂರು ವರ್ಷದಿಂದ ಮಾತಿಲ್ಲ. ಅವರು ಮೊರ ಕೆಳಗಿಟ್ಟು ಎದ್ದು ಬಂದು, “ತಮ್ಮಾ, ಬೆಳೆದದ್ದನ್ನ ಹಂಗೇ ಬಿಟ್ಟೀರಲ್ರೋ. ತಲೆ ಕಡೀರಿ, ಬುಡ ತುಂಬುತ್ತೆ” ಅಂದರು.

“ಎರಡು ವರ್ಷ ಬೆಳೆಸಿದ್ದು ದೊಡ್ಡಮ್ಮ, ಕಡಿಯೋದಾ?” ಅಂದೆವು.

“ತುಳಸಿ ಕುಡಿ ಚಿವುಟದೆ ಕವಲು ಒಡೀತದೇನೋ? ಸೇವಂತಿಗೆ ಚಿವುಟೋಲ್ವೇನು? ಮೊಳಕಾಲಿಗಿಂತ ಕೆಳಗೆ ಕಡೀರಿ. ಈಗ ಬ್ಯಾಡ, ಮಳೆ ಬಿದ್ದ ಮ್ಯಾಲೆ.”

ಅಷ್ಟು ಹೇಳಿ ಹೋಗಿ ಮತ್ತೆ ಅಕ್ಕಿ ಆರಿಸಲು ಕೂತರು.

ಅವರು ಹೇಳಿದ್ದರ ಹಿಂದೆ ಸಸ್ಯಶಾಸ್ತ್ರವೇ ಇದೆ. ಗಿಡದ ತುದಿಮೊಗ್ಗಿನಲ್ಲಿ ಆಕ್ಸಿನ್ ಎಂಬ ರಸ ಹುಟ್ಟಿ ಕೆಳಕ್ಕೆ ಹರಿಯುತ್ತದೆ. ಅದು ಹರಿಯುವವರೆಗೆ ಪಕ್ಕದ ಮೊಗ್ಗುಗಳು ನಿದ್ದೆ ಹೊಡೆಯುತ್ತವೆ. ತುದಿ ಕತ್ತರಿಸಿದರೆ ಕತ್ತರಿಸಿದ ಜಾಗದ ಕೆಳಗಿನ ಮೊಗ್ಗುಗಳು ಏಳುತ್ತವೆ. ಆದ್ದರಿಂದ ಎಲ್ಲಿ ರೆಂಬೆ ಬೇಕೋ ಅದಕ್ಕಿಂತ ಸ್ವಲ್ಪ ಮೇಲೆ ಕಡಿಯಬೇಕು. ಎದೆಮಟ್ಟದಲ್ಲಿ ಕಡಿದರೆ ಎದೆಮಟ್ಟದಲ್ಲೇ ಪೊದೆ, ಬುಡ ಬೋಳು. ಬರಿಬೇರಿನ ಸಸಿಗೆ ಇನ್ನೂ ಒಂದು ಕಾರಣವಿದೆ. ಕೀಳುವಾಗ ನೀರು ಹೀರುವ ಕೂದಲೆಳೆ ಬೇರುಗಳು ಬಹುಪಾಲು ಮಡಿಯಲ್ಲೇ ಹರಿದು ಉಳಿಯುತ್ತವೆ. ಮೇಲೆ ಎಲೆ ಪೂರಾ ಇದ್ದರೆ ಖರ್ಚು ಹೆಚ್ಚು, ಆದಾಯ ಕಡಿಮೆ. ಸಂಘದ ಲೆಕ್ಕಪತ್ರ ನೋಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಟ್ಟ ದಿನವೇ ಒಂದು ಗೇಣು ಬಿಟ್ಟು ಮೇಲಿನದನ್ನು ಕತ್ತರಿಸಿದರೆ ಖರ್ಚು ಆದಾಯ ಸರಿಹೋಗುತ್ತದೆ, ಬುಡದಲ್ಲೇ ಕವಲೂ ಒಡೆಯುತ್ತದೆ.

ಮೃಗಶಿರಾ ಮಳೆ ಹದವಾಗಿ ಬಿದ್ದ ಮೇಲೆ ನಾವು ಕತ್ತಿ ಹಿಡಿದೆವು. ನಿಜ ಹೇಳಬೇಕೆಂದರೆ ಮೊದಲ ಗಿಡ ಕಡಿಯುವಾಗ ಕೈ ಬರಲಿಲ್ಲ. ಅತ್ತಿಗೆಯವರೇ ಕತ್ತಿ ಇಸಿದುಕೊಂಡು ಶುರು ಮಾಡಿದರು. ಸಂಜೆಗೆ ಎರಡು ವರ್ಷದ ಬೇಲಿ ಗೇಣುದ್ದದ ಮೋಟುಗಳ ಸಾಲಾಗಿ ನಿಂತಿತು. ದಾರಿಯಲ್ಲಿ ಹೋಗುವವರು ನಕ್ಕರು. ತಿಂಗಳೊಳಗೆ ಒಂದೊಂದು ಮೋಟಿನಿಂದ ನಾಲ್ಕೈದು ಚಿಗುರು ಎದ್ದವು. ಸತ್ತಿದ್ದ ಗಿಡದ ಜಾಗಕ್ಕೆ ಹೊಸ ಸಸಿ ಕೂಡಿಸಿದೆವು. ಹೀಗೆ ಹೊಸದಾಗಿ ಎದ್ದದ್ದೇ ಈಗ ನೀವು ನೋಡುತ್ತಿರುವ ಬೇಲಿ.

ಮೂರು ವರ್ಷದ ಆರೈಕೆ

ಮೊದಲ ವರ್ಷ: ಹೊರಗಡೆ ಜಾಲಿಮುಳ್ಳಿನ ಒಣಬೇಲಿ ಇರಲೇಬೇಕು. ಬೇಲಿಗೆ ಬೇಲಿ ಬೇಕೇ ಅಂತ ನಗೆಯಾದೀತು, ಆದರೆ ಎಳೆಗಿಡವನ್ನು ದನ ತಿನ್ನದಿದ್ದರೂ ತುಳಿಯುತ್ತದೆ. ಮಳೆಗಾಲದಲ್ಲಿ ಎರಡು ಮೂರು ಸಲ ಕಳೆ ತೆಗೆದು, ಬುಡಕ್ಕೆ ತರಗೆಲೆಯ ಮುಚ್ಚಿಗೆ ಹಾಕಿ. ಗಿಡದ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ, ಇಲ್ಲದಿದ್ದರೆ ಗೆದ್ದಲು. ಮೊದಲ ಬೇಸಿಗೆಗೆ ವಾರಕ್ಕೊಮ್ಮೆ ನೀರು ಕೊಟ್ಟರೆ ಸಾಕು, ದಿನಾ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ನೆನೆಸುವುದು ಲೇಸು. ಮಡಿಯಲ್ಲಿ ನೂರು ಸಸಿ ಉಳಿಸಿಕೊಳ್ಳಿ. ಸತ್ತ ಗಿಡದ ಜಾಗಕ್ಕೆ ಮರುವರ್ಷ ಅದೇ ವಯಸ್ಸಿನ ಸಸಿ ನೆಟ್ಟರೆ ಸರಿಸಮ ಬರುತ್ತದೆ. ಹೊಸ ಸಸಿ ಹಾಕಿದರೆ ಅಕ್ಕಪಕ್ಕದ ಗಿಡದ ನೆರಳಲ್ಲಿ ಸೊರಗುತ್ತದೆ.

ಎರಡನೆಯ ವರ್ಷ: ಮಳೆಯ ಆರಂಭಕ್ಕೆ ಒಂದು ಸಲ, ಮಳೆಯ ಕೊನೆಗೆ ಒಂದು ಸಲ ಸವರಿ. ಹೊಸದಾಗಿ ಬೆಳೆದದ್ದರಲ್ಲಿ ಅರ್ಧದಷ್ಟು ತೆಗೆಯಿರಿ. ಕಡು ಬೇಸಿಗೆಯಲ್ಲಿ ಕತ್ತಿ ಮುಟ್ಟಬೇಡಿ.

ಮೂರನೆಯ ವರ್ಷದಿಂದ: ಬೇಲಿ ದೇವಸ್ಥಾನದ ಗೋಪುರದ ಹಾಗಿರಲಿ, ಬುಡ ಅಗಲ, ತಲೆ ಕಿರಿದು. ಮೇಲೆ ಅಗಲವಾದರೆ ಬುಡಕ್ಕೆ ಬಿಸಿಲು ಬೀಳದೆ ಕೆಳಗಿನ ರೆಂಬೆ ಒಣಗುತ್ತವೆ. ನಾಲ್ಕು, ನಾಲ್ಕೂವರೆ ಅಡಿ ಎತ್ತರ ಸಾಕು. ಗೊಬ್ಬರದ ಗಿಡದ ತಲೆಯನ್ನು ವರ್ಷಕ್ಕೆ ಎರಡು ಮೂರು ಸಲ ತರಿದು ದನಕ್ಕೋ ಗೊಬ್ಬರದ ಗುಂಡಿಗೋ ಹಾಕಿ. ಸವರುವ ಮುಂಚೆ ಒಮ್ಮೆ ಒಳಗೆ ಕಣ್ಣಾಡಿಸಿ. ಪಿಕಳಾರದ ಗೂಡಿದ್ದರೆ ಆ ಒಂದು ಮಾರು ಬಿಟ್ಟು ಮುಂದೆ ಹೋಗಿ. ನಿಮ್ಮ ತರಕಾರಿಯ ಹುಳ ಆರಿಸುವ ಆಳುಗಳವು, ಸಂಬಳ ಕೇಳುವುದಿಲ್ಲ.

ನಷ್ಟದ ಬಾಬತ್ತನ್ನೂ ಮುಚ್ಚಿಡಬಾರದು. ಬೇಲಿ ಪಕ್ಕದ ಮೂರು ನಾಲ್ಕು ಅಡಿಯಲ್ಲಿ ಬೆಳೆ ಕೊಂಚ ಕುಗ್ಗುತ್ತದೆ. ಮೂರು ವರ್ಷ ತಾಳ್ಮೆ ಬೇಕು. ಕಾಡುಹಂದಿಯನ್ನು ಇದೊಂದೇ ತಡೆಯುತ್ತದೆ ಅಂತ ನಾವು ಹೇಳುವುದಿಲ್ಲ, ಆನೆಯ ಮಾತಂತೂ ದೂರ. ಬೆಟ್ಟದ ಅಂಚಿನ ಜಮೀನಿನವರು ಬೇರೆ ಏರ್ಪಾಡು ಮಾಡಲೇಬೇಕು. ನಾವೂ ಈ ಬೇಲಿಯೊಳಗೆ ಹಳೇ ತಂತಿಯ ಎರಡು ಎಳೆ ಉಳಿಸಿಕೊಂಡಿದ್ದೇವೆ. ಈಗ ಅದು ಹೊರಗೆ ಕಾಣಿಸುವುದಿಲ್ಲ.

ಸಂಘದ ಮುಂದೆ ಒಂದು ಕೋರಿಕೆ

ಕೊನೆಗೊಂದು ಮಾತು. ನಮ್ಮ ನಾಡಿನಲ್ಲಿ ಸಹಕಾರ ಎಂಬ ಬೀಜ ಬಿದ್ದದ್ದು 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ‘ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ’ ಎಂಬುದು ಸಹಕಾರಿಗಳ ಮಂತ್ರ. ಬೇಲಿಯೂ ಹಾಗೇ. 1,669 ಗಿಡ ಬದುಕಿ ಒಂದು ಸತ್ತರೆ ಆಡು ಬರುವುದು ಆ ಒಂದರ ಜಾಗದಿಂದಲೇ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಹಾಲಿನ ಡೇರಿಯ ಹಿಂದೆ ಖಾಲಿ ಬಿದ್ದಿರುವ ಜಾಗದಲ್ಲಿ ಸಂಘದ ವತಿಯಿಂದ ಎರಡು ಮಡಿ ಮಾಡೋಣ. ಬೀಜ, ಗೊಬ್ಬರದ ಗಿಡದ ಗೂಟ ನಾವು ಕೊಡುತ್ತೇವೆ. ಬೇಸಿಗೆಯಲ್ಲಿ ನೀರು ಹಾಕುವ ಪಾಳಿಯನ್ನು ಸದಸ್ಯರು ಹಂಚಿಕೊಳ್ಳಲಿ. ಬೆಳಿಗ್ಗೆ ಹಾಲು ಹಾಕಲು ಬಂದವರು ಎರಡು ಕೊಡ ನೀರು ಹಾಕಿದರೆ ಆಯಿತು. ಆರಿದ್ರಾ ಮಳೆಯಲ್ಲಿ ಕಟ್ಟು ಕಟ್ಟಿ ಹಂಚೋಣ. ನೆಡುವ ಕೆಲಸ ಮುಯ್ಯಾಳಿನ ಲೆಕ್ಕದಲ್ಲಿ ಆಗಲಿ, ಇವತ್ತು ನಿಮ್ಮ ಬೇಲಿಗೆ ನಾವು, ನಾಳೆ ನಮ್ಮ ಬೇಲಿಗೆ ನೀವು. ನಮ್ಮ ತಂತಿಗೆ ಆದ ಖರ್ಚನ್ನು ಇಲ್ಲಿ ಹೇಳಿ ನಗೆಪಾಟಲಾಗಲು ಮನಸ್ಸಿಲ್ಲ. ಆದರೆ ಯಾರಾದರೂ ಹಳೇ ಬೇಲಿ ಕೀಳಿಸಲು ಜೇಸಿಬಿಗೆ ಫೋನು ಮಾಡುವ ಯೋಚನೆಯಲ್ಲಿದ್ದರೆ, ದಯವಿಟ್ಟು ಮೊದಲು ನಮ್ಮ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗಿ.

ನಮಗೆ ಬುಡ ತುಂಬುವ ವಿದ್ಯೆ ಹೇಳಿಕೊಟ್ಟ ದೊಡ್ಡಮ್ಮ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಆ ವರ್ಷ ದೀಪಾವಳಿ ಕಳೆದ ಮೇಲೆ ನಾವು ಈ ಕಡೆಯಿಂದ ಸವರಲು ನಿಂತಾಗ, ಆ ಕಡೆಯಿಂದಲೂ ಕತ್ತಿಯ ಸದ್ದು ಕೇಳಿಸಿತು. ಬೇಲಿಯ ಆ ಮುಖ ಅವರದು, ಈ ಮುಖ ನಮ್ಮದು. ಬಾಂದುಕಲ್ಲು ಇಬ್ಬರಿಗೂ ಕಾಣುವಂತಿದೆ. ಈ ವರ್ಷದ ಊಟ ನಮ್ಮ ಮನೆಯ ಪಾಳಿ.